ನಿನ್ನೆಯ ಟೋರ್ಟಿಯಾ

ಮೆಕ್ಸಿಕೋ ಸಿಟಿಯ ರೋಮಾ, ಕೊಂಡೆಸಾ ಬಡಾವಣೆಗಳ ಹೊಸ ಕಾಲದ ರೆಸ್ಟೋರೆಂಟ್‌ಗಳಲ್ಲಿ ಭಾನುವಾರದ ಬ್ರಂಚ್‌ಗೆ ಕೂತರೆ ಮೊದಲು ಚಿಲಾಕಿಲೆಸ್ ಹೇಳಿ. ಬೆಣ್ಣೆಹಣ್ಣು ಸವರಿದ ಬ್ರೆಡ್ಡು, ಕಿತ್ತಳೆ ರಸ ಬೆರೆಸಿದ ಷಾಂಪೇನು ಯಾವ ಮಹಾನಗರದಲ್ಲೂ ಸಿಗುತ್ತವೆ. ಅಡುಗೆಮನೆಯ ಯೋಗ್ಯತೆ ಗೊತ್ತಾಗುವುದು ಚಿಲಾಕಿಲೆಸ್ ತಟ್ಟೆಯಲ್ಲಿ.

ಹಿಂದಿನ ದಿನ ಉಳಿದ ಟೋರ್ಟಿಯಾವನ್ನು, ಅಂದರೆ ಮೆಕ್ಕೆಜೋಳದ ತೆಳುರೊಟ್ಟಿಯನ್ನು, ಮುಕ್ಕೋನವಾಗಿ ಕತ್ತರಿಸಿ ಕರಿದು, ಕುದಿಯುವ ಸಾಲ್ಸಾದಲ್ಲಿ ಒಮ್ಮೆ ಹೊರಳಿಸಿ, ಮೇಲೆ ಹುಳಿಗೆನೆ, ಪುಡಿ ಚೀಸ್, ಈರುಳ್ಳಿ ಹಾಕಿದರೆ ಚಿಲಾಕಿಲೆಸ್. ಆಗಷ್ಟೇ ಬೆಂದ ಟೋರ್ಟಿಯಾ ಇದಕ್ಕೆ ಆಗದು. ಅದರ ಹಸಿ ಆರಿರುವುದಿಲ್ಲ, ಸಾಲ್ಸಾಕ್ಕೆ ಬಿದ್ದೊಡನೆ ಮೆತ್ತಗಾಗುತ್ತದೆ. ಒಂದು ದಿನ ಆರಿದ್ದು ಮಾತ್ರ ಹೊರಗೆ ರಸ ಕುಡಿದೂ ನಡುವೆ ಹಲ್ಲಿಗೆ ಸಿಗುತ್ತದೆ. ಆ ಹದ ಇರುವುದು ಕೆಲವೇ ನಿಮಿಷ, ಫೋಟೋ ಆಮೇಲೆ ತೆಗೆದುಕೊಳ್ಳಿ. ಹಸಿರು ಸಾಲ್ಸಾ ಟೊಮಾಟಿಯೋದ್ದು, ಹಾಳೆಯಂಥ ಹೊದಿಕೆಯೊಳಗೆ ಬೆಳೆಯುವ ಹುಳಿಕಾಯಿ ಅದು. ಕೆಂಪಿನದಕ್ಕೆ ಸಾಮಾನ್ಯವಾಗಿ ಗುವಾಹಿಯೋ ಮೆಣಸಿನಕಾಯಿ; ನಮ್ಮ ಬ್ಯಾಡಗಿಯಂತೆ ಬಣ್ಣ ಜಾಸ್ತಿ, ಖಾರ ಕಡಿಮೆ. ನಾನು ಹಸಿರಿನ ಪಕ್ಷ. ಆ ಹುಳಿ ಇಲ್ಲದಿದ್ದರೆ ಕರಿದ ಎಣ್ಣೆಯ ಜಿಡ್ಡು ನಾಲಿಗೆಯಲ್ಲೇ ಉಳಿಯುತ್ತದೆ.

ಆದರೆ ಸಾಲ್ಸಾ ಎಷ್ಟೇ ಚೆನ್ನಾಗಿರಲಿ, ಟೋರ್ಟಿಯಾಕ್ಕೆ ಜೋಳದ ಪರಿಮಳ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಆ ಪರಿಮಳ ಹುಟ್ಟುವುದು ಸುಣ್ಣದಿಂದ. ಒಂದು ಕಿಲೋ ಕಾಳಿಗೆ ಸುಮಾರು 10 ಗ್ರಾಂ ಸುಣ್ಣ ಕದಡಿದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಸಡಿಲಗೊಂಡ ಸಿಪ್ಪೆ ತೊಳೆದು ಕಲ್ಲಿನಲ್ಲಿ ರುಬ್ಬುತ್ತಾರೆ. ಹೀಗೆ ಹದವಾದ ಕಾಳಿಗೆ ನಿಷ್ತಮಾಲ್ ಎನ್ನುತ್ತಾರೆ. ಸುಣ್ಣ ಬೀಳದ ಹಿಟ್ಟು ಟೋರ್ಟಿಯಾ ತಟ್ಟುವಷ್ಟು ಅಂಟಿಕೊಳ್ಳುವುದಿಲ್ಲ. ಮೆಕ್ಕೆಜೋಳದಲ್ಲಿರುವ ನಯಾಸಿನ್ ದೇಹಕ್ಕೆ ದಕ್ಕುವುದೂ ಈ ಸಂಸ್ಕಾರದಿಂದಲೇ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಮೆಕ್ಕೆಜೋಳವನ್ನೇ ನಂಬಿದ್ದ ಉತ್ತರ ಇಟಲಿಯ ಬಡವರನ್ನು ನಯಾಸಿನ್ ಕೊರತೆಯ ಪೆಲಾಗ್ರಾ ರೋಗ ತಲೆಮಾರುಗಳ ಕಾಲ ಕಾಡಿತು.

ಕಳೆದ ಶತಮಾನದಲ್ಲಿ ಕಾರ್ಖಾನೆಯ ಒಣಹಿಟ್ಟು ಮೆಕ್ಸಿಕೋದ ಬಹಳಷ್ಟು ಟೋರ್ಟಿಯಾ ಅಂಗಡಿಗಳನ್ನು ಹೊಕ್ಕಿತು. ಅದರಿಂದ ಕೆಲಸ ಸುಲಭವಾಯಿತು, ರುಚಿ ಸಪ್ಪೆಯಾಯಿತು. ಇಂದಿನ ಬಾಣಸಿಗರ ಸಾಧನೆಯೆಂದು ನಾನು ಎಣಿಸುವುದು ಇದನ್ನು ಹಿಂದಕ್ಕೆ ತಿರುಗಿಸಲು ಅವರು ಪಟ್ಟ ಶ್ರಮವನ್ನು. 2000ದಲ್ಲಿ ಪುಹೋಲ್ ರೆಸ್ಟೋರೆಂಟ್ ತೆರೆದು ಜಗತ್ತಿನ ಗಮನ ಸೆಳೆದ ಎನ್ರಿಕೆ ಓಲ್ವೆರಾ, 2018ರಲ್ಲಿ ಕೊಂಡೆಸಾದಲ್ಲಿ ಜೋಳ ರುಬ್ಬುವ ಒಂದು ಪುಟ್ಟ ಅಂಗಡಿಯನ್ನೇ ಇಟ್ಟರು. ದೇಸಿ ತಳಿಗಳ ನೀಲಿ, ಕೆಂಪು, ಬಿಳಿ ಕಾಳುಗಳಿಗೆ ಮತ್ತೆ ಗಿರಾಕಿ ಸಿಗುವಂತಾಗಲು ಇಂಥ ಅಡುಗೆಮನೆಗಳೂ ಕಾರಣ. ನ್ಯೂಯಾರ್ಕಿನಲ್ಲಿ 2014ರಲ್ಲಿ ಶುರುವಾದ ಅವರ ಕೋಸ್ಮೆಯಲ್ಲೂ ಮೆಕ್ಸಿಕೋದಿಂದ ಕಾಳು ತರಿಸಿ ಅಲ್ಲೇ ಸುಣ್ಣಕ್ಕೆ ಹಾಕುತ್ತಾರೆ. ಹಾಗಾಗಿ ಯಾವ ಊರಿನಲ್ಲೇ ಆಗಲಿ, ಇಂಥ ಹೋಟೆಲಿನಲ್ಲಿ ಜೋಳವನ್ನು ಇಲ್ಲೇ ರುಬ್ಬುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ. ರುಬ್ಬುವವರು ಸಂತೋಷದಿಂದ ಹೇಳುತ್ತಾರೆ.

ಸಸ್ಯಾಹಾರಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಸಾಲ್ಸಾಕ್ಕೆ ಕೋಳಿಯ ಸಾರು, ಅರೆದ ಬೀನ್ಸ್ ಕಾಳಿನ ಪಲ್ಯಕ್ಕೆ ಹಂದಿಕೊಬ್ಬು ಬೀಳುವುದು ಅಲ್ಲಿ ಮಾಮೂಲು. ಮಳೆಗಾಲವಾದರೆ ಅವರಿಗೊಂದು ಭಾಗ್ಯವಿದೆ, ವಿಟ್ಲಕೋಚೆ. ತೆನೆಯ ಕಾಳುಗಳಿಗೆ ಹತ್ತಿ ಅವನ್ನು ಬೂದುಗಪ್ಪಾಗಿ ಉಬ್ಬಿಸುವ ಕಾಡಿಗೆ ರೋಗದ ಬೂಷ್ಟು ಅದು. ಬೇರೆ ಕಡೆ ರೈತರು ಕಿತ್ತೆಸೆಯುವುದನ್ನು ಇಲ್ಲಿ ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ಬೆಂದಾಗ ಅಣಬೆಯ ಘಮಕ್ಕೆ ಜೋಳದ ತೆಳುಸಿಹಿ ಸೇರಿರುತ್ತದೆ. ಚೀಸ್ ಜೊತೆ ಕೆಸಡಿಯಾದೊಳಗೆ, ಅಂದರೆ ಮಡಚಿದ ಟೋರ್ಟಿಯಾದೊಳಗೆ, ಇಟ್ಟು ಕೊಟ್ಟರೆ ನನಗೆ ಚಿಲಾಕಿಲೆಸ್ ಕೂಡ ಎರಡನೆಯದಾಗುತ್ತದೆ.

ಕುಡಿಯಲು ಕಫೆ ದೆ ಓಯಾ ಇರಲಿ. ಮಣ್ಣಿನ ಮಡಕೆಯಲ್ಲಿ ಬೆಲ್ಲ, ಚಕ್ಕೆ ಹಾಕಿ ಕುದಿಸಿದ ಈ ಕಾಫಿಗೆ ಹಾಲು ಬೇಡ. ಹತ್ತು ಗಂಟೆಯೊಳಗೆ ಹೋದರೆ ಒಳ್ಳೆಯದು. ಮಧ್ಯಾಹ್ನ ಎರಡರ ಹೊತ್ತಿಗೆ ಊರು ದೊಡ್ಡ ಊಟಕ್ಕೆ ಕೂರುತ್ತದೆ, ಬೆಳಗಿನ ಅಡುಗೆಗೆ ಆಮೇಲೆ ಒಲೆ ಸಿಗುವುದಿಲ್ಲ.