ಮುಂಬೈ ಸೆಕೆಗೆ ಒಪ್ಪುವ ವೆನಿಲ್ಲಾ

ವೆನಿಲ್ಲಾವನ್ನು ಐಸ್‌ಕ್ರೀಮು, ಕೇಕು, ಬಿಸ್ಕತ್ತುಗಳಿಂದಲೇ ಬಲ್ಲ ಬಹುಪಾಲು ಜನ ಅದನ್ನು ಮಕ್ಕಳ ಪರಿಮಳವೆಂದು ಎಣಿಸುತ್ತಾರೆ. ಅಗ್ಗದ ಬಾಡಿ ಸ್ಪ್ರೇಗಳು ಆ ಎಣಿಕೆಯನ್ನು ಇನ್ನಷ್ಟು ಗಟ್ಟಿಮಾಡಿವೆ. ಆದರೆ ಹದವಾಗಿ ಸಂಸ್ಕರಿಸಿದ ವೆನಿಲ್ಲಾ ಬೀನ್ಸ್ ಒಂದನ್ನು ಸೀಳಿ ಮೂಸಿದರೆ ಮೂಗಿಗೆ ಮೊದಲು ಸಿಗುವುದು ಸಕ್ಕರೆಯಲ್ಲ. ಒಣದ್ರಾಕ್ಷಿ, ಹೊಗೆಸೊಪ್ಪು, ಹದಮಾಡಿದ ತೊಗಲು, ಹಳೆಯ ಮರ, ಇವುಗಳ ಹಿಂದೆ ಸಣ್ಣಗೆ ಹೊಗೆ. ವಯಸ್ಕರು ತಮಗಾಗಿ ಆರಿಸಬೇಕಾದದ್ದು ವೆನಿಲ್ಲಾದ ಈ ಒಣ ಮುಖವನ್ನೇ, ಮತ್ತು ಮುಂಬೈಯ ಹವೆಯಲ್ಲಿ ಬೇರೆ ದಾರಿಯೂ ಇಲ್ಲ.

ಮೆಕ್ಸಿಕೊ ಮೂಲದ ಈ ಆರ್ಕಿಡ್ ಬಳ್ಳಿಯ ಹೂವು ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ. ತವರಿನಾಚೆ ಅದು ಕಾಯಿ ಕಚ್ಚಬೇಕಾದರೆ ಮನುಷ್ಯನ ಕೈಯೇ ಪರಾಗಸ್ಪರ್ಶ ಮಾಡಬೇಕು. ಕಡ್ಡಿಯೊಂದರಿಂದ ಅದನ್ನು ಮಾಡುವ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ; ಜಗತ್ತಿನ ವೆನಿಲ್ಲಾ ಕೃಷಿಯೆಲ್ಲ ಇಂದಿಗೂ ಅವನ ಕೈಚಳಕದ ಮೇಲೆಯೇ ನಿಂತಿದೆ. 2000ದಲ್ಲಿ ಮಡಗಾಸ್ಕರನ್ನು ಚಂಡಮಾರುತ ಹೊಡೆದು ಬೆಲೆ ಗಗನಕ್ಕೇರಿದಾಗ ಮಲೆನಾಡು, ಕೊಡಗು, ದಕ್ಷಿಣ ಕನ್ನಡಗಳ ಅಡಿಕೆ ಮತ್ತು ಕಾಫಿ ತೋಟಗಳಿಗೂ ಈ ಬಳ್ಳಿ ಹಬ್ಬಿತು. ಬೆಳೆಗಾರರು ರಾತ್ರಿ ಕಾವಲು ಕೂರುವಷ್ಟು ಬೆಲೆ ಬಂದ ಹಸಿ ಕೋಡು 2004ರ ನಂತರ ಕೇಳುವವರಿಲ್ಲದಂತಾಯಿತು. ಕಿಲೋ ಒಣ ಬೀನ್ಸಿಗೆ ಐದಾರು ಕಿಲೋ ಹಸಿ ಕೋಡು, ಜೊತೆಗೆ ಬಾಡಿಸುವ, ಬೆವರಿಸುವ, ಒಣಗಿಸುವ ತಿಂಗಳುಗಟ್ಟಲೆಯ ದುಡಿಮೆ ಬೇಕಾಗುವುದರಿಂದ, ನಿಜವಾದ ವೆನಿಲ್ಲಾದ ಸಾರ ಸುಗಂಧದ ಸೀಸೆಯಲ್ಲಿ ಯಾವ ಕಾಲಕ್ಕೂ ಅಲ್ಪ ಪ್ರಮಾಣದಲ್ಲೇ ಇರುತ್ತದೆ.

ಉಳಿದ ಕೆಲಸವನ್ನು ಮಾಡುವುದು ವೆನಿಲಿನ್, ಅಂದರೆ ಒಣ ಬೀನ್ಸಿನಲ್ಲಿ ಶೇ. 2ರಷ್ಟಿದ್ದು ಅದರ ಮುಖ್ಯ ಪರಿಮಳಕ್ಕೆ ಕಾರಣವಾಗುವ ಸಂಯುಕ್ತ. ಇದನ್ನು 1874ರಲ್ಲಿ ಜರ್ಮನಿಯ ಟೀಮಾನ್ ಮತ್ತು ಹಾರ್ಮಾನ್ ಪೈನ್ ಮರದ ರಸದಲ್ಲಿನ ವಸ್ತುವೊಂದರಿಂದ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಕೃತಕವೆಂಬ ಕಾರಣಕ್ಕೆ ಇದನ್ನು ಕೀಳಾಗಿ ಕಾಣುವುದು ಸರಿಯಲ್ಲ, ಏಕೆಂದರೆ ಆಧುನಿಕ ಸುಗಂಧಕಲೆ ಹುಟ್ಟಿದ್ದೇ ಇಂಥ ಸಂಯುಕ್ತಗಳಿಂದ: ಗೆರ್ಲೆನ್ ಮನೆತನದ 1889ರ ‘ಜಿಕಿ’ ವೆನಿಲಿನ್ನನ್ನು ಲ್ಯಾವೆಂಡರ್ ಜೊತೆ ಕೂಡಿಸಿತು, ಅದೇ ಮನೆತನ 1925ರಲ್ಲಿ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಪ್ರದರ್ಶನದಲ್ಲಿ ಮುಂದಿಟ್ಟ, ಮೊಗಲರ ಉದ್ಯಾನದ ಹೆಸರು ಹೊತ್ತ ‘ಶಾಲಿಮಾರ್’ ಅದಕ್ಕಿಂತಲೂ ಎಷ್ಟೋ ಪಾಲು ತೀಕ್ಷ್ಣವಾದ ಈಥೈಲ್ ವೆನಿಲಿನ್ನನ್ನು ಬಳಸಿತು. ಶಾಲಿಮಾರ್ ಇಂದಿಗೂ ಹಳತಾಗಿಲ್ಲ. ನಿಂಬೆಯ ಜಾತಿಯ ಬರ್ಗಮಾಟ್ ಸಿಪ್ಪೆಯ ತೈಲ ಮೇಲಿನಿಂದ ಹುಳಿಯಾಗಿ ಚುಚ್ಚುತ್ತಿರುವಾಗ, ತೊಗಲು ಮತ್ತು ಹೊಗೆಯ ಛಾಯೆ ಕೆಳಗಿನಿಂದ ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ಪ್ರೌಢ ವೆನಿಲ್ಲಾ ಎಂದರೆ ಇದೇ: ಸಿಹಿಗೆ ಎದುರಾಗಿ ಕಹಿಯೋ ಹೊಗೆಯೋ ಮರವೋ ನಿಂತು ಅದನ್ನು ತಡೆಯಬೇಕು. ಅಂಥ ತಡೆಯಿಲ್ಲದ ವೆನಿಲ್ಲಾ ಬೆಲೆ ಎಷ್ಟೇ ಇದ್ದರೂ ಮಿಠಾಯಿಯೇ.

ಮುಂಬೈಯಲ್ಲಿ ಈ ನಿಯಮ ಇನ್ನಷ್ಟು ಕಠಿಣವಾಗುತ್ತದೆ. ಬಿಸಿಯಾದ ಮೈಯಿಂದ ಪರಿಮಳ ಬೇಗ ಮೇಲೇಳುತ್ತದೆ, ತೇವದ ಗಾಳಿಯಲ್ಲಿ ಮೂಗಿಗೆ ಗಾಢವಾಗಿ ತಾಗುತ್ತದೆ. ವೆನಿಲಿನ್ನಾದರೋ ನಿಧಾನವಾಗಿ ಆವಿಯಾಗುವ, ಗಂಟೆಗಟ್ಟಲೆ ಮೈಬಿಡದ ವಸ್ತು. ಸಕ್ಕರೆ ಸುಟ್ಟ ವಾಸನೆಯ ಈಥೈಲ್ ಮಾಲ್ಟಾಲನ್ನು ಧಾರಾಳವಾಗಿ ಬಳಸಿ, ತಿನಿಸಿನ ಪರಿಮಳಗಳ ಯುಗವನ್ನು ತೆರೆದ ಥಿಯರಿ ಮ್ಯೂಗ್ಲೆರ್‌ನ ‘ಏಂಜೆಲ್’ (1992) ತಂಪು ದೇಶದ ಕೋಟಿನ ಮೇಲೆ ಭವ್ಯವಾಗಿದ್ದೀತು. ಅಕ್ಟೋಬರದ ಸೆಕೆಯಲ್ಲಿ, ವಿರಾರ್ ಲೋಕಲ್‌ನ ಇಕ್ಕಟ್ಟಿನಲ್ಲಿ ಅದು ಪಕ್ಕದವರಿಗೆ ತಲೆನೋವು. ಸಹಪ್ರಯಾಣಿಕರ ಮೂಗನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಯ್ಕೆಯನ್ನು ಈ ನಗರದಲ್ಲಿ ಅಭಿರುಚಿ ಎನ್ನಲಾಗದು.

ಒಣ ವೆನಿಲ್ಲಾದ ಪಾಠ ಮುಂಬೈಯವರಿಗೆ ಹೊಸತೇನಲ್ಲ. ಕೆಂಡದ ಪಾತ್ರೆ ಹಿಡಿದು ಅಂಗಡಿಯಿಂದ ಅಂಗಡಿಗೆ ಲೋಬಾನದ ಹೊಗೆ ಹಾಕುತ್ತ ಹೋಗುವವರನ್ನು ಕಾಣದವರು ಇಲ್ಲಿ ಯಾರೂ ಇರಲಾರರು. ಸುಗಂಧಕಾರರು ಬೆಂಜೊಯಿನ್ ಎನ್ನುವ ಈ ಮರದ ಅಂಟಿನಲ್ಲಿ, ಅದರಲ್ಲೂ ಸಯಾಮಿನ ಬಗೆಯಲ್ಲಿ, ವೆನಿಲಿನ್ ಸಹಜವಾಗಿಯೇ ಇದೆ. ಅದನ್ನು ಲ್ಯಾಬ್ಡನಮ್ ಎಂಬ ಪೊದೆಯ ಅಂಟು ಹಾಗೂ ವೆನಿಲ್ಲಾದ ಜೊತೆ ಬೆರೆಸಿದರೆ ದೊರೆಯುವ ಬೆಚ್ಚನೆಯ ಕೂಟಕ್ಕೆ ಸುಗಂಧಲೋಕದಲ್ಲಿ ಅಂಬರ್ ಎಂದು ಹೆಸರು. ಮೊಹಮ್ಮದ್ ಅಲಿ ರಸ್ತೆಯ ಮಿನಾರಾ ಮಸೀದಿಯ ಆಸುಪಾಸಿನ ಅತ್ತರಿನ ಅಂಗಡಿಗಳಲ್ಲಿ ‘ವೆನಿಲ್ಲಾ ಕೊಡಿ’ ಎಂದರೆ ಕೇಕಿನ ಎಸೆನ್ಸಿನಂಥದ್ದು ಕೈಗೆ ಬರುವ ಸಂಭವವೇ ಹೆಚ್ಚಾದ್ದರಿಂದ, ಅಂಬರ್ ಕೇಳಿ, ಅದರೊಳಗೆ ವೆನಿಲ್ಲಾವನ್ನು ಹುಡುಕುವುದು ಲೇಸು. ಗಂಧದೆಣ್ಣೆಯ ಆಸರೆಯುಳ್ಳದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅಪ್ಪಟ ಗಂಧದೆಣ್ಣೆ ಅಗ್ಗದ ಅತ್ತರಿನಲ್ಲಿ ಇರಲು ಸಾಧ್ಯವಿಲ್ಲ. ಸುಗಂಧ ಈ ನಗರಕ್ಕೆ ಬರಿಯ ವ್ಯಾಪಾರವಲ್ಲ, ವಿದ್ಯೆಯೂ ಹೌದು: 1922ರಲ್ಲಿ ಆರಂಭವಾದ ಎಸ್. ಎಚ್. ಕೇಳ್ಕರ್ ಕಂಪನಿ ಮುಲುಂಡಿನಲ್ಲಿ ಬೆಳೆಯಿತು, ಅದೇ ಉಪನಗರದ ವಝೆ ಕಾಲೇಜಿನಲ್ಲಿ ಸುಗಂಧ ಮತ್ತು ಪ್ರಸಾಧನ ವಿಷಯದ ಸ್ನಾತಕೋತ್ತರ ಡಿಪ್ಲೊಮಾ ಕಲಿಸಲಾಗುತ್ತದೆ.

ವಿದೇಶೀ ಸೀಸೆಗಳಲ್ಲಿ ಹಗಲಿನ ಉಡುಗೆಗೆ ಮೊದಲ ಸ್ಥಾನ ಸಲ್ಲಬೇಕಾದದ್ದು ಡಿಪ್ಟೀಕ್‌ನ ‘ಓ ದ್ಯುಯೆಲ್’ಗೆ (2010). ಅದರಲ್ಲಿ ವೆನಿಲ್ಲಾಕ್ಕೆ ಎದುರಾಗಿ ಧೂಪದ ಒಣತನವೂ ಸಿಪ್ರಿಯಾಲ್ ತೈಲವೂ ಇವೆ. ಈ ಸಿಪ್ರಿಯಾಲ್ ಬೇರೇನಲ್ಲ, ಕೊನ್ನಾರಿ ಗಡ್ಡೆಯ ಕುಲಕ್ಕೆ ಸೇರಿದ ನಾಗರಮೋಥಾ. ಸೆರ್ಜ್ ಲ್ಯುಟೆನ್ಸ್‌ನ ‘ಅಂ ಬ್ವಾ ವಾನಿಯ್’ (2003) ಶ್ರೀಗಂಧ, ಅತಿಮಧುರ, ತೆಂಗಿನ ಹಾಲುಗಳ ನಡುವೆ ವೆನಿಲ್ಲಾವನ್ನು ಕೂರಿಸುತ್ತದೆ. ಕರಾವಳಿಯ ಮೂಗಿಗೆ ಇದು ಬೇಗ ಒಗ್ಗುತ್ತದೆ, ಆದರೆ ಒಂದೇ ಸಿಂಪಡಿಕೆ ಸಾಕು. ಗೆರ್ಲೆನ್‌ನ ‘ಸ್ಪಿರಿಚ್ಯುಯೂಸ್ ದೂಬ್ಲ್ ವಾನಿಯ್’ ರಮ್ಮು ಮತ್ತು ಹೊಗೆಯದ್ದು. ಟಾಮ್ ಫೋರ್ಡ್‌ನ ‘ಟೊಬ್ಯಾಕೊ ವಾನಿಯ್’ ಹೊಗೆಸೊಪ್ಪು, ಮಸಾಲೆಗಳದ್ದು. 2007ರಲ್ಲಿ ಬಂದ ಇವೆರಡೂ ಶ್ರೇಷ್ಠ ರಚನೆಗಳೇ, ಆದರೆ ಮುಂಬೈಯಲ್ಲಿ ಜನವರಿಯ ರಾತ್ರಿಗಷ್ಟೇ ಯೋಗ್ಯ.

ಕೊಳ್ಳುವ ಮೊದಲಿನ ಪರೀಕ್ಷೆಯನ್ನು ಹವಾನಿಯಂತ್ರಿತ ಮಾಲಿನೊಳಗೆ ಮುಗಿಸಬಾರದು. ಕಾಗದದ ಪಟ್ಟಿಯ ಮೇಲೆ ಮೊದಲ ಹತ್ತು ನಿಮಿಷ ತೋರುವುದು ಮೇಲಿನ ಪದರ ಮಾತ್ರ, ಅಂದರೆ ಬೇಗ ಹಾರಿಹೋಗುವ ಹಗುರ ತೈಲಗಳು. ವೆನಿಲ್ಲಾ ಇರುವುದು ತಳದ ಪದರದಲ್ಲಾದ್ದರಿಂದ ಮುಂಗೈಗೆ ಹಚ್ಚಿಕೊಂಡು, ಹೊರಗಿನ ಬಿಸಿಲಿನಲ್ಲಿ ನಡೆದು, ಮೂರು ನಾಲ್ಕು ಗಂಟೆಗಳ ಬಳಿಕ ಬೆವರಿನೊಡನೆ ಅದು ಹೇಗೆ ಬೆರೆತಿದೆ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಸಾಂದ್ರತೆ ಹೆಚ್ಚಿರುವ ಓ ದ ಪಾರ್ಫಮ್‌ಗಿಂತ ತೆಳುವಾದ ಓ ದ ತ್ವಾಲೆಟ್ ಇಲ್ಲಿ ಎಷ್ಟೋ ಸಲ ಮೇಲು. ಕೂದಲಲ್ಲಿ ಶಂಕರಪುರ ಮಲ್ಲಿಗೆ ಇರುವ ದಿನ ವೆನಿಲ್ಲಾವನ್ನು ಮುಟ್ಟದಿರುವುದೇ ಒಳ್ಳೆಯದು, ಎರಡೂ ಒಂದನ್ನೊಂದು ಕೆಡಿಸುತ್ತವೆ. ವೆನಿಲಿನ್ ಗಾಳಿ ಬೆಳಕುಗಳಿಗೆ ಕಂದಾಗುವ ವಸ್ತುವಾದ್ದರಿಂದ ಸೀಸೆಯನ್ನು ಕಪಾಟಿನ ಕತ್ತಲಲ್ಲಿಡಬೇಕು. ಬಿಳಿ ಅಂಗಿಯ ಕಾಲರಿನ ಮೇಲಾಗಲಿ ತಿಳಿಬಣ್ಣದ ರೇಷ್ಮೆ ಸೀರೆಯ ಮೇಲಾಗಲಿ ಸಿಂಪಡಿಸಿದರೆ ಕಲೆ ಉಳಿದೀತು, ಆದ್ದರಿಂದ ಉಡುವ ಮೊದಲೇ ಮೈಗೆ ಹಚ್ಚಿಕೊಂಡು ಆರಲು ಬಿಡಬೇಕು.