‘ದಟ್’ ಇರಲೋ ಬೇಡವೋ

ರೆನ್ ಮತ್ತು ಮಾರ್ಟಿನ್ ವ್ಯಾಕರಣವನ್ನೋ ಅದರ ಮರಿಪುಸ್ತಕಗಳನ್ನೋ ಓದಿದವರಿಗೆಲ್ಲ ಡೈರೆಕ್ಟ್ ಸ್ಪೀಚನ್ನು ಇಂಡೈರೆಕ್ಟ್ ಮಾಡುವ ವಿದ್ಯೆ ಬಾಯಿಪಾಠ. ಉದ್ಧರಣ ಚಿಹ್ನೆ ತೆಗೆ, ‘ದಟ್’ ಸೇರಿಸು, ಕ್ರಿಯಾಪದವನ್ನು ಭೂತಕಾಲಕ್ಕೆ ತಳ್ಳು, ‘ಟುಮಾರೋ’ ಹೊಡೆದು ‘ದಿ ನೆಕ್ಸ್ಟ್ ಡೇ’ ಬರೆ, ‘ಸೆಡ್ ಟು’ ಇದ್ದರೆ ‘ಟೋಲ್ಡ್’ ಮಾಡು. ಮಾರ್ಕು ಗ್ಯಾರಂಟಿ. ಇಷ್ಟೆಲ್ಲ ಕಲಿತ ಹುಡುಗ ಕೆಲಸಕ್ಕೆ ಸೇರಿದ ಮೇಲೆ ‘ಹಿ ಟೋಲ್ಡ್ ದಟ್ ಹಿ ವಿಲ್ ಕಮ್’ ಅನ್ನುತ್ತಾನೆ. ‘ಪ್ಲೀಸ್ ಇನ್‌ಫಾರ್ಮ್ ದಟ್ ದಿ ಮೀಟಿಂಗ್ ಈಸ್ ಕ್ಯಾನ್ಸಲ್ಡ್’ ಅಂತ ಮೇಲ್ ಕಳಿಸುತ್ತಾನೆ. ಟೆಲ್, ಇನ್‌ಫಾರ್ಮ್ ಎರಡಕ್ಕೂ ಯಾರಿಗೆ ಎಂಬುದು ಮೊದಲು ಬರಬೇಕು: ‘ಟೋಲ್ಡ್ ಮಿ ದಟ್’. ‘ಸೇ’ಗೆ ಅದು ಬೇಡ, ‘ಸೆಡ್ ಮಿ ದಟ್’ ಅಂದರೆ ತಪ್ಪು. ‘ಎಕ್ಸ್‌ಪ್ಲೇನ್’ಗೆ ಯಾರಿಗೆ ಎಂದು ಹೇಳುವುದಾದರೆ ನಡುವೆ ‘ಟು’ ಇರಲೇಬೇಕು: ‘ಎಕ್ಸ್‌ಪ್ಲೇನ್ಡ್ ಟು ಮಿ ದಟ್’. ಇವೆಲ್ಲಕ್ಕೂ ಅರ್ಥ ಅಕ್ಕಪಕ್ಕದ್ದೇ, ನಡವಳಿಕೆ ಮಾತ್ರ ಬೇರೆ ಬೇರೆ.

ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಕನ್ನಡದಲ್ಲಿ ‘ನಾಳೆ ಬರ್ತೀನಿ ಅಂತ ಹೇಳಿದ’ ಎಂಬುದು ಪೂರ್ತಿ ವಾಕ್ಯ. ಯಾರಿಗೆ ಹೇಳಿದ ಅನ್ನುವುದು ಬೇಕಿದ್ದವರು ಕೇಳಿಕೊಳ್ಳುತ್ತಾರೆ. ಹೇಳು, ತಿಳಿಸು, ವಿವರಿಸು, ಗೊಣಗು, ಅಂದುಕೊ, ಯಾವುದೇ ಇರಲಿ, ಅದೇ ‘ಅಂತ’ ಹೊಂದುತ್ತದೆ. ಕ್ರಿಯಾಪದವನ್ನು ಕೇಳಬೇಕಾಗಿಯೇ ಇಲ್ಲ. ಇಂಥ ಭಾಷೆಯಿಂದ ಬಂದವನಿಗೆ ಇಂಗ್ಲಿಷ್ ವ್ಯಾಕರಣ ಮೊದಲು ಹೇಳಬೇಕಾದದ್ದೇ ‘ಇಲ್ಲಿ ಕೇಳಬೇಕು ಕಣಪ್ಪ’ ಅಂತ. ನಮ್ಮ ಪಠ್ಯಗಳು ಅದನ್ನು ಬಿಟ್ಟು, ದಟ್‌ನಿಂದ ಶುರುವಾಗುವುದು ನಾಮವಾಚಕ ಉಪವಾಕ್ಯ, ಅದು ಕರ್ಮಸ್ಥಾನದಲ್ಲಿದೆ ಎಂದು ಅಡಿಗೆರೆ ಎಳೆಸುವುದರಲ್ಲೇ ವರ್ಷ ಕಳೆದವು. ಹೆಸರಿಡುವುದು ಬಂತು, ಬಳಸುವುದು ಬರಲಿಲ್ಲ.

ಈ ಕೊರತೆಯನ್ನು ಸರಿಯಾಗಿ ಗುರುತಿಸಿದವರು ಎ. ಎಸ್. ಹಾರ್ನ್‌ಬಿ. 1924ರಲ್ಲಿ ಜಪಾನಿಗೆ ಇಂಗ್ಲಿಷ್ ಕಲಿಸಲು ಹೋದ ಇವರು ಆಮೇಲೆ ಟೋಕಿಯೋದಲ್ಲಿ ಹೆರಾಲ್ಡ್ ಪಾಮರ್ ಅವರ ಸಂಶೋಧನೆಯ ಜೊತೆ ಸೇರಿಕೊಂಡರು. ಗೇಟನ್‌ಬಿ, ವೇಕ್‌ಫೀಲ್ಡ್ ಎಂಬಿಬ್ಬರ ಜೊತೆ ಸಿದ್ಧಪಡಿಸಿದ ನಿಘಂಟು ಯುದ್ಧದ ನಡುವೆ, 1942ರಲ್ಲಿ, ಟೋಕಿಯೋದಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ನಮ್ಮ ಕಾಲೇಜು ಲೈಬ್ರರಿಗಳಲ್ಲಿ ಬೆನ್ನು ಹರಿದು ನಿಂತಿರುವ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಇದು. ಕಲಿಯುವವರು ಒಂದು ಕ್ರಿಯಾಪದವನ್ನು ನೋಡಿ ಇನ್ನೊಂದಕ್ಕೆ ಅದೇ ಅಂಗಿ ತೊಡಿಸುತ್ತಾರೆ ಎಂಬುದು ಹಾರ್ನ್‌ಬಿ ಕಂಡುಕೊಂಡ ಸತ್ಯ. ‘ಟೆಲ್ ಮಿ ದಿ ಮೀನಿಂಗ್’ ಸರಿಯಾದರೆ ‘ಎಕ್ಸ್‌ಪ್ಲೇನ್ ಮಿ ದಿ ಮೀನಿಂಗ್’ ಯಾಕಾಗಬಾರದು ಎಂಬ ತರ್ಕ ಜಪಾನಿನ ವಿದ್ಯಾರ್ಥಿಗೂ ಹೊಳೆದಿತ್ತು, ತುಮಕೂರಿನವನಿಗೂ ಹೊಳೆಯುತ್ತದೆ. ಅದಕ್ಕೇ ಅವರು ಅರ್ಥದ ಪಕ್ಕದಲ್ಲೇ ಪ್ರತಿ ಕ್ರಿಯಾಪದಕ್ಕೂ ಅದು ಒಪ್ಪುವ ವಾಕ್ಯಮಾದರಿಯ ಸಂಖ್ಯೆ ಕೊಟ್ಟರು. 1974ರ ಮೂರನೇ ಆವೃತ್ತಿಯಲ್ಲಿ ನೇರವಾಗಿ ದಟ್‌ಗೆ ಹೋಗುವವು ಒಂಬತ್ತನೇ ಮಾದರಿ. ನಡುವೆ ವ್ಯಕ್ತಿಯನ್ನು ಕೇಳುವ ಟೆಲ್, ಇನ್‌ಫಾರ್ಮ್, ವಾರ್ನ್ ಹನ್ನೊಂದನೇ ಮಾದರಿ.

ಆಲೋಚನೆ ದೊಡ್ಡದು, ಒದಗಿಸಿದ ರೀತಿ ಮಾತ್ರ ಓದುಗನ ಮೇಲೆ ಸ್ವಲ್ಪ ನಿರ್ದಯ. ಪದದ ಅರ್ಥ ಹುಡುಕಲು ಬಂದವನು ಸಂಖ್ಯೆ ನೋಡಿ, ಮುನ್ನುಡಿಯ ಪಟ್ಟಿಗೆ ಹೋಗಿ, ಮಾದರಿ ಓದಿ, ಮತ್ತೆ ಹಿಂದಿರುಗಬೇಕಿತ್ತು. ಯಾರು ಹೋಗುತ್ತಾರೆ? ಮುಂದಿನ ಆವೃತ್ತಿಗಳು ಸಂಖ್ಯೆ ಬಿಟ್ಟು ಅಕ್ಷರಸಂಕೇತ ಹಿಡಿದು, ಕೊನೆಗೆ ಮಾದರಿಯನ್ನೇ ಬಿಡಿಸಿ ಬರೆಯುವ ಹಂತಕ್ಕೆ ಬಂದದ್ದು ಒಳ್ಳೆಯದಾಯಿತು. ಈಗ ‘ಸೇ’ ತೆರೆದರೆ ‘ದಟ್’ ಕಂಸದಲ್ಲಿದೆ, ಅಂದರೆ ಬಿಟ್ಟರೂ ನಡೆಯುತ್ತದೆ. ‘ರಿಪ್ಲೈ’ ತೆರೆದರೆ ಕಂಸವಿಲ್ಲ. ಇಷ್ಟು ಚಿಕ್ಕ ಗುರುತಿನಲ್ಲಿ ಇಷ್ಟು ವ್ಯಾಕರಣ ಅಡಗಿಸಿದ ಉದಾಹರಣೆ ನಾನು ಬೇರೆ ಕಂಡಿಲ್ಲ.

ಆದರೆ ಕಂಸವೂ ಅರ್ಧ ಸತ್ಯವನ್ನೇ ಹೇಳುತ್ತದೆ. ಬಿಡಬಹುದು ಎನ್ನುತ್ತದೆ, ಯಾವಾಗ ಬಿಡುತ್ತಾರೆ ಎನ್ನುವುದಿಲ್ಲ. 1999ರಲ್ಲಿ ಡಗ್ಲಸ್ ಬೈಬರ್ ಮತ್ತು ಸಂಗಡಿಗರು ತಂದ ಲಾಂಗ್‌ಮನ್ ವ್ಯಾಕರಣ ಮಾತುಕತೆ, ಕಥೆ, ಪತ್ರಿಕೆ, ಶಾಸ್ತ್ರಬರಹ ನಾಲ್ಕನ್ನೂ ಬೇರೆ ಬೇರೆ ಇಟ್ಟು ನೋಡಿತು. ಮಾತುಕತೆಯಲ್ಲಿ ದಟ್ ಬಿಡುವುದೇ ರೂಢಿ, ಶಾಸ್ತ್ರಬರಹದಲ್ಲಿ ಉಳಿಸುವುದೇ ರೂಢಿ. ಥಿಂಕ್, ಸೇ, ನೋ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತವೆ, ಆ ಮೂರರ ಬೆನ್ನಿಗೆ ದಟ್ ಸುಲಭವಾಗಿ ಉದುರುತ್ತದೆ. ಅದರಲ್ಲೂ ‘ಐ ಥಿಂಕ್’ನದು ವಿಶೇಷ. ಸಾಂಡ್ರಾ ಥಾಂಪ್ಸನ್ ಮತ್ತು ಆಂಥನಿ ಮುಲಾಕ್ 1991ರಲ್ಲಿ ತೋರಿಸಿದ ಪ್ರಕಾರ ಅದು ಮುಖ್ಯವಾಕ್ಯದ ಪಟ್ಟದಿಂದ ಇಳಿದು, ಮಾತಿಗೆ ಸ್ವಲ್ಪ ಅನುಮಾನ ಬೆರೆಸುವ ತುಣುಕಾಗಿಬಿಟ್ಟಿದೆ. ‘ಹಿ ಈಸ್ ರೈಟ್, ಐ ಥಿಂಕ್’ ಎಂದು ಕೊನೆಗೂ ಸಿಕ್ಕಿಸಬಹುದು, ಆಗ ದಟ್‌ಗೆ ಜಾಗವೇ ಇಲ್ಲ. ನಾವು ‘ಬಸ್ ಹೋಯ್ತು ಅನ್ಸುತ್ತೆ’ ಅನ್ನುವಾಗ ಏನನ್ನೋ ಆಲೋಚಿಸುತ್ತಿದ್ದೇವೆ ಅಂತ ಯಾರೂ ತಿಳಿಯುವುದಿಲ್ಲವಲ್ಲ, ಹಾಗೆ. ಸಂದರ್ಶನಕ್ಕೆ ಕೂತವರು ಪ್ರತಿ ಸಲ ‘ಐ ಥಿಂಕ್ ದಟ್’ ಎಂದರೆ ವ್ಯಾಕರಣ ತಪ್ಪಲ್ಲ. ಕೇಳುವವರಿಗೆ ಉತ್ತರಪತ್ರಿಕೆ ಓದಿದ ಹಾಗಾಗುತ್ತದೆ.

ಬರಹದಲ್ಲಿ ಲೆಕ್ಕ ತಿರುಗಾಮುರುಗ. ‘ದಿ ಮಿನಿಸ್ಟರ್ ಸೆಡ್ ಆನ್ ಮಂಡೇ ದಿ ಆಫೀಸ್ ವಾಸ್ ಕ್ಲೋಸ್ಡ್’. ಸಚಿವರು ಹೇಳಿದ್ದು ಸೋಮವಾರವೋ, ಕಚೇರಿ ಮುಚ್ಚಿದ್ದು ಸೋಮವಾರವೋ? ‘ಮಂಡೇ’ ಆದಮೇಲೆ ದಟ್ ಹಾಕಿದರೆ ಒಂದು ಅರ್ಥ, ಮೊದಲು ಹಾಕಿದರೆ ಇನ್ನೊಂದು. ಅಸೋಸಿಯೇಟೆಡ್ ಪ್ರೆಸ್‌ನ ಶೈಲಿಪುಸ್ತಕ, ಕ್ರಿಯಾಪದಕ್ಕೂ ಉಪವಾಕ್ಯಕ್ಕೂ ನಡುವೆ ಕಾಲಸೂಚಕ ಬಂದರೆ ದಟ್ ಬಿಡಬೇಡಿ ಎನ್ನುವುದು ಇದಕ್ಕೇ. ಡಿಕ್ಲೇರ್, ಎಸ್ಟಿಮೇಟ್, ಸ್ಟೇಟ್‌ನಂಥ ಕ್ರಿಯಾಪದಗಳ ಮುಂದೆಯೂ ಅದು ದಟ್ ಬೇಕೆನ್ನುತ್ತದೆ. ಇನ್ನು ‘ದಿ ಕೋರ್ಟ್ ಫೌಂಡ್ ದಿ ವಿಟ್ನೆಸ್ ಹ್ಯಾಡ್ ಲೈಡ್’ ನೋಡಿ. ಕೋರ್ಟಿಗೆ ಸಾಕ್ಷಿದಾರ ಸಿಕ್ಕಿದ ಅಂತ ಅರ್ಧದವರೆಗೆ ಓದಿ, ‘ಹ್ಯಾಡ್’ ಎದುರಾದಾಗ ಕಣ್ಣು ಹಿಂದಕ್ಕೆ ಓಡಬೇಕು. ನಾಲ್ಕಕ್ಷರ ಉಳಿಸಿದ ಉಪಸಂಪಾದಕ ಓದುಗನ ಸಮಯ ತಿಂದ.

ಹಳೆಯ ಪಠ್ಯಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇನ್‌ಸಿಸ್ಟ್, ಸಜೆಸ್ಟ್, ಡಿಮ್ಯಾಂಡ್ ಗುಂಪಿನದು. ‘ಷಿ ಇನ್‌ಸಿಸ್ಟೆಡ್ ದಟ್ ಹಿ ಲೀವ್’ ಅಂದರೆ ಅವನು ಹೊರಡಲೇಬೇಕು ಎಂದು ಪಟ್ಟು ಹಿಡಿದಳು. ‘ದಟ್ ಹಿ ಲೆಫ್ಟ್’ ಅಂದರೆ ಅವನು ಹೊರಟಿದ್ದು ನಿಜ ಎಂದು ಸಾಧಿಸಿದಳು. ಕಾಲವನ್ನು ಹಿಂದಕ್ಕೆ ತಳ್ಳು ಎಂಬ ಸೂತ್ರ ಉರುಹೊಡೆದವನ ಕೈ ‘ಲೀವ್’ ಬರೆಯಲು ಒಪ್ಪುವುದಿಲ್ಲ, ತಪ್ಪೆಂದು ತಿದ್ದಿಬಿಡುತ್ತದೆ. ಅಮೆರಿಕದವರು ಇಲ್ಲಿ ‘ಲೀವ್’ ಬಳಸುತ್ತಾರೆ, ಬ್ರಿಟನ್ನಿನವರು ಹೆಚ್ಚಾಗಿ ‘ಷುಡ್ ಲೀವ್’ ಅನ್ನುತ್ತಾರೆ. ಅಲ್ಲಿಯೂ ಕೆಲವರು ‘ಲೆಫ್ಟ್’ ಎಂದೇ ಬರೆದು ಎರಡನ್ನೂ ಕಲಸುವುದುಂಟು. ಸಂಘದ ನಡಾವಳಿಯಲ್ಲಿ ‘ದಿ ಕಮಿಟಿ ಇನ್‌ಸಿಸ್ಟೆಡ್ ದಟ್ ಹಿ ಪೇಯ್ಡ್ ದಿ ಅಮೌಂಟ್’ ಎಂದಿದ್ದರೆ ದುಡ್ಡು ಕಟ್ಟಾಯಿತೋ, ಇನ್ನೂ ಕಟ್ಟಬೇಕೋ? ವರ್ಷ ಕಳೆದ ಮೇಲೆ ಲೆಕ್ಕ ನೋಡುವವರಿಗೆ ಗೊತ್ತಾಗುವ ದಾರಿಯಿಲ್ಲ. ನಮ್ಮ ಕಾರ್ಯದರ್ಶಿಗಳು ‘ಷುಡ್ ಪೇ’ ಎಂದೇ ಬರೆದರೆ ಕ್ಷೇಮ.