ಜಕಾತ್ ಹಣದಲ್ಲಿ ಗೋಡೆ ಕಟ್ಟಬಹುದೇ?

ಇಸ್ಲಾಮಿ ಶಾಲೆಯನ್ನು ಧರ್ಮದ ಪ್ರಕಾರ ನಡೆಸುತ್ತೇವೆ ಎಂದರೆ ಹೊಗಳುವವರಿಗೂ ತೆಗಳುವವರಿಗೂ ಹೊಳೆಯುವುದು ಒಂದೇ: ಟೋಪಿ, ಹಿಜಾಬು, ಬೆಳಗಿನ ಕುರ್‌ಆನ್ ಪಾಠ. ಸರ್ಕಾರಿ ಉರ್ದು ಶಾಲೆಯನ್ನೂ ಮದರಸಾ ಎಂದು ತಿಳಿದವರಿದ್ದಾರೆ. ಅಲ್ಲಿ ಕಲಿಸುವುದು ರಾಜ್ಯದ ಪಠ್ಯ, ಸಂಬಳ ಕೊಡುವುದು ಸರ್ಕಾರ. ನನ್ನ ತಕರಾರು ಇರುವುದು ಸಮುದಾಯದ ಸಮಿತಿಗಳು ನಡೆಸುವ ಶಾಲೆಗಳ ಬಗ್ಗೆ. ಅವುಗಳ ಧರ್ಮನಿಷ್ಠೆಯನ್ನು ಖಜಾಂಚಿಯ ಮೇಜಿನ ಮೇಲೆ ಪರೀಕ್ಷಿಸಬೇಕು.

ನಮ್ಮ ಕಡೆಯ ಸುನ್ನಿಗಳಲ್ಲಿ ಹೆಚ್ಚಿನವರು ಹನಫಿ ಪಂಥದವರು. ಹನಫಿ ಫಿಕ್ಹ್, ಅಂದರೆ ಧರ್ಮಶಾಸ್ತ್ರದ ಪ್ರಕಾರ, ಕಡ್ಡಾಯ ದಾನವಾದ ಜಕಾತ್ ಬಡವನ ಕೈಸೇರಿ ಅವನ ಸ್ವತ್ತಾಗಬೇಕು. ಅದರಲ್ಲಿ ಗೋಡೆ ಕಟ್ಟುವಂತಿಲ್ಲ, ಶಿಕ್ಷಕರ ಸಂಬಳ ಕೊಡುವಂತಿಲ್ಲ. ಇದಕ್ಕೆಂದೇ 'ಹೀಲಾ' ಎಂಬ ಉಪಾಯವಿದೆ: ಹಣವನ್ನು ಹೆಸರಿಗೆ ಬಡವನೊಬ್ಬನ ಕೈಗಿಟ್ಟು, ದಾನವೆಂದು ಮರಳಿ ಪಡೆಯುವುದು. ನಿಯಮದ ಅಕ್ಷರ ಉಳಿಯುತ್ತದೆ, ಬಡ ಮಗುವಿನ ಶುಲ್ಕ ಬಾಕಿಯೇ ಇರುತ್ತದೆ.

ಆಡಳಿತದಿಂದ ಧರ್ಮವನ್ನು ದೂರವಿಟ್ಟರೆ ಶಾಲೆ ಆಧುನಿಕವಾಗುತ್ತದೆ ಎನ್ನುವವರು ಇದನ್ನು ಗಮನಿಸಲಿ. ಆಡಿಟರ್ ವೋಚರ್ ಸರಿಯಿದೆಯೇ ಎಂದು ನೋಡುತ್ತಾನೆ. ಫಿಕ್ಹ್ ಆ ಹಣ ಯಾರದು ಎಂದು ಕೇಳುತ್ತದೆ. ಕುರ್‌ಆನಿನ ಅತಿ ಉದ್ದದ ಆಯತ್ (2:282) ಸಾಲದ ವ್ಯವಹಾರವನ್ನು ಬರೆದಿಡಲು, ಸಾಕ್ಷಿ ನಿಲ್ಲಿಸಲು ಹೇಳುತ್ತದೆ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬರ್ಥದ ಹದೀಸ್ ಇದೆ. ಶಿಕ್ಷಕಿಯ ಸಂಬಳ ತಿಂಗಳುಗಟ್ಟಲೆ ತಡೆಹಿಡಿದ ಸಮಿತಿ ಹುಡುಗಿಯರ ದುಪಟ್ಟಾ ತಪಾಸಣೆಗೆ ನಿಂತರೆ ಅದನ್ನು ಧರ್ಮಪಾಲನೆ ಎನ್ನಲಾಗದು.

ಹಳ್ಳಿಯಲ್ಲಿ ಎಲ್ಲ ನಂಬಿಕೆಯ ಮೇಲೆ ನಡೆಯುತ್ತದೆ, ಇಷ್ಟು ಲೆಕ್ಕ ಯಾರು ಇಡುತ್ತಾರೆ ಎಂಬ ವಾದವುಂಟು. ಬೆಳಗಾವಿ ಜಿಲ್ಲೆಯ ನಮ್ಮ ಏಕಸಂಬಿಯಲ್ಲಿ ಆ ಮಾತು ನಿಲ್ಲದು. ಇದು ಬೀರೇಶ್ವರ ಸಹಕಾರಿ ಸಂಘದ ಊರು. ಪಕ್ಕದ ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಕೇಳುವ ಹಕ್ಕು ಷೇರು ಹೊಂದಿದ ಕಬ್ಬು ಬೆಳೆಗಾರನಿಗೆ ಇದೆ. ಅದೇ ರೈತ ಮಗಳ ಶಾಲೆಯ ಲೆಕ್ಕ ಕೇಳಿದರೆ ಅಧಿಕಪ್ರಸಂಗ ಹೇಗಾದೀತು? ಕೂಡಿ ಸಮಾಲೋಚಿಸಿ ತೀರ್ಮಾನಿಸುವ ಶೂರಾ ಕೂಡ ಕುರ್‌ಆನಿನದೇ (42:38). ನಾಲ್ಕು ಹಿರಿಯರು ಮುಚ್ಚಿದ ಕೋಣೆಯಲ್ಲಿ ಕೂತರೆ ಶೂರಾ ಆಗದು. ತಾಯಂದಿರೂ ಶಿಕ್ಷಕರೂ ಅಲ್ಲಿರಬೇಕು.

ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ದುರಾಡಳಿತ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1958ರಲ್ಲೇ, ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಹೇಳಿದೆ. ಸಮಿತಿಗಳು ಕೋರ್ಟಿಗೆ ಅಂಜಿ ಲೆಕ್ಕ ತೆರೆಯಬೇಕಿಲ್ಲ, ತಮ್ಮ ಕಿತಾಬಿನ ಮಾತು ಕೇಳಿದರೆ ಸಾಕು. ಜಕಾತ್‌ಗೆ ಬೇರೆ ಖಾತೆ, ತಿಂಗಳ ಮೊದಲ ವಾರದಲ್ಲಿ ಸಂಬಳ, ವರ್ಷಕ್ಕೊಮ್ಮೆ ಪಾಲಕರೆದುರು ಜಮಾಖರ್ಚು: ಈ ಮೂರೂ ಇಲ್ಲದ ಶಾಲೆ ಫಲಕದ ಮೇಲೆ 'ಇಸ್ಲಾಮಿ' ಎಂದು ಬರೆದುಕೊಳ್ಳಲು ಇನ್ನೂ ಅರ್ಹತೆ ಗಳಿಸಿಲ್ಲ.